ಇಪ್ಪತ್ತೆರಡನೆಯ ಪದ

ಇಪ್ಪತ್ತೆರಡನೆಯ ಪದಕ್ಕೆ ಬಂದು ಶಾಸ್ತ್ರಿಗಳು ನಿಂತುಬಿಟ್ಟರು.

ಅಲ್ಲಿಯವರೆಗೆ ಸಲೀಸಾಗಿಯೇ ನಡೆದಿತ್ತು. ನಾನು ಹಿಂದಿಯಲ್ಲಿ ಒಂದು ಪದ ಹೇಳುವುದು, ಅವರು ಅದನ್ನು ಕನ್ನಡದಲ್ಲಿ ಹೇಳುವುದು. ನಾನು, ನೀನು, ನಾವು, ಇದು, ಅದು, ಯಾರು, ಏನು. ಒಂದು, ಎರಡು. ಹೆಂಗಸು, ಗಂಡಸು, ಮೀನು, ಹಕ್ಕಿ, ನಾಯಿ. ಆಮೇಲೆ ನಾನು ‘ಜೂಂ’ ಎಂದೆ. ಅವರು ನಕ್ಕರು. ಕೈ ತಾನಾಗಿ ತಲೆಯ ಮೇಲೆ ಹೋಯಿತು.

“ಇದಕ್ಕೆ ನಮ್ಮಮ್ಮ ಏನೋ ಅಂತಿದ್ದಳು. ನಾಲಗೆ ತುದೀಲೇ ಇದೆ ನೋಡಿ. ಮುಂದಿನದು ಕೇಳಿ, ಬರುತ್ತೆ.”

ಬರಲಿಲ್ಲ.

ಇದು ನಡೆದದ್ದು ವಾರಾಣಸಿಯ ಸೋನಾರ್‌ಪುರದಲ್ಲಿ. ಗೋದೌಲಿಯಾದಿಂದ ಅಸ್ಸಿಯ ಕಡೆ ಹೋಗುವ ರಸ್ತೆಯಲ್ಲಿ ನೇಕಾರರ ಮದನ್‌ಪುರ, ಪಾಂಡೆ ಹವೇಲಿ ದಾಟಿದರೆ ಸಿಗುವ ಮೊಹಲ್ಲಾ ಅದು. ಗಂಗೆಯ ದಿಕ್ಕಿಗೆ ಇಳಿಯುವ ಗಲ್ಲಿಗಳಲ್ಲಿ ನೂರು ಹೆಜ್ಜೆಗೊಂದು ಮಾತು ಬದಲಾಗುತ್ತದೆ. ಹಾಲಿನಂಗಡಿಯಲ್ಲಿ ಕಾಶಿಯ ಭೋಜಪುರಿ, ಸಿಹಿ ಅಂಗಡಿಯಲ್ಲಿ ಬಂಗಾಳಿ, ಕೇದಾರ ಘಾಟ್‌ನ ಮೆಟ್ಟಿಲ ಮೇಲೆ ತೆಲುಗು, ಹನುಮಾನ್ ಘಾಟ್ ಕಡೆ ತಮಿಳು. ಕನ್ನಡದ ಗುರುತೂ ಇಲ್ಲಿ ಇಲ್ಲದಿಲ್ಲ. ಗೋದೌಲಿಯಾ ಬಳಿ ವೀರಶೈವರ ಜಂಗಮವಾಡಿ ಮಠವಿದೆ. ಹರಿಶ್ಚಂದ್ರ ಘಾಟ್ ಪಕ್ಕದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್ ಇವತ್ತು ಕರ್ನಾಟಕದ ಹೆಸರಿನಲ್ಲಿದೆ. ಇವೆರಡರ ನಡುವೆ, ಗಲ್ಲಿಯೊಳಗಿನ ಗಲ್ಲಿಯಲ್ಲಿ, ಅಜ್ಜನ ಕಾಲದಲ್ಲಿ ಶಿವಮೊಗ್ಗ ಸೀಮೆಯಿಂದ ಬಂದು ನೆಲೆನಿಂತ ಮನೆತನದ ಈ ಶಾಸ್ತ್ರಿಗಳು. ಮನೆಯಲ್ಲಿ ಈಗ ಮಾತು ಹಿಂದಿ. ಕನ್ನಡದ ಯಾತ್ರಿಕರು ಬಂದರೆ ಮಾತ್ರ ಪೆಟ್ಟಿಗೆಯ ತಳದಿಂದ ರೇಷ್ಮೆ ಪಂಚೆ ತೆಗೆದಂತೆ ಕನ್ನಡ ಹೊರಬರುತ್ತದೆ.

ನನ್ನ ಕೈಯಲ್ಲಿದ್ದ ನೂರು ಪದಗಳ ಪಟ್ಟಿ ಬಂದದ್ದು ಮಾತ್ರ ಬಲು ದೂರದಿಂದ. ಪಪುವಾ ನ್ಯೂಗಿನಿಯ ಒಂದು ಪುಟ್ಟ ಭಾಷೆಯ ಬಗ್ಗೆ ಓದುತ್ತಿದ್ದಾಗ ಅದನ್ನು ಬರೆದುಕೊಂಡಿದ್ದೆ. ಕಾಶಿಯ ಚೀಲದಲ್ಲಿ ಅದು ಹೇಗೋ ಸೇರಿಕೊಂಡಿತ್ತು.

ಒರೆಗಲ್ಲು

ಪಟ್ಟಿ ಮಾಡಿದವನು ಮೋರಿಸ್ ಸ್ವದೇಶ್. ಹೆಸರು ಕೇಳಿದರೆ ಖಾದಿ ಭಂಡಾರ ನೆನಪಾದೀತು. ಆತ ಅಮೆರಿಕದ ಭಾಷಾವಿಜ್ಞಾನಿ. ಯಾವ ನಾಡಿನ, ಯಾವ ಕಾಲದ ಮನುಷ್ಯನಿಗೂ ಬೇಕೇಬೇಕಾದ ಪದಗಳು ಯಾವುವು ಎಂದು ಕೇಳಿಕೊಂಡು 1950ರ ದಶಕದಲ್ಲಿ ಮೊದಲು ಇನ್ನೂರರಷ್ಟು, ಆಮೇಲೆ ಸೋಸಿ ನೂರು ಪದ ಆರಿಸಿದ. ಕಣ್ಣು, ಕಿವಿ, ಮೂಗು. ತಿನ್ನು, ಕುಡಿ, ಕಚ್ಚು. ಸೂರ್ಯ, ಚಂದ್ರ, ನೀರು, ಕಲ್ಲು. ರಾಜ, ದೇವರು, ಹಣ, ಕಾಗದ, ಅನ್ನ ಯಾವುದೂ ಇದರಲ್ಲಿಲ್ಲ. ವ್ಯಾಪಾರಿಗಳ ಜೊತೆ, ಪಾದ್ರಿಗಳ ಜೊತೆ, ಸೈನ್ಯದ ಜೊತೆ ಬಂದು ಹೋಗುವ ಪದಗಳನ್ನೆಲ್ಲ ತೆಗೆದುಹಾಕಿದರೆ ತಾಯಿಯ ಮಡಿಲಲ್ಲಿ ಕಲಿತದ್ದು ಉಳಿಯುತ್ತದೆ ಎನ್ನುವುದು ಅವನ ನಂಬಿಕೆ. ಅದೇ ಮೂಲಪದಗಳು. ಸಾವಿರ ವರ್ಷಕ್ಕೆ ನೂರರಲ್ಲಿ ಸುಮಾರು 14 ಪದ ಸವೆದು ಹೋಗುತ್ತವೆ ಎಂದು ಲೆಕ್ಕವನ್ನೂ ಕಟ್ಟಿದ. ಭಾಷೆಗಳು ಆ ಲೆಕ್ಕಕ್ಕೆ ಜಗ್ಗಲಿಲ್ಲ. ಪಟ್ಟಿ ಮಾತ್ರ ಉಳಿಯಿತು. ಇವತ್ತಿಗೂ ಹೊಸ ಭಾಷೆಯೊಂದರ ಅಂಗಳಕ್ಕೆ ಕಾಲಿಡುವ ಸಂಶೋಧಕರ ಚೀಲದಲ್ಲಿ ಅದೋ ಅದರ ತಮ್ಮನೋ ಇರುತ್ತದೆ.

ಸೋನಾರ್ ಎಂದರೆ ಅಕ್ಕಸಾಲಿಗ. ಅಕ್ಕಸಾಲಿಗರ ಹೆಸರು ಹೊತ್ತ ಮೊಹಲ್ಲಾದಲ್ಲಿ ಕೂತು ಈ ಪಟ್ಟಿ ಓದುವಾಗ ಒರೆಗಲ್ಲು ನೆನಪಾಗುತ್ತದೆ. ಒಡವೆಯನ್ನು ಕಪ್ಪು ಕಲ್ಲಿಗೆ ಉಜ್ಜಿ, ಬಿದ್ದ ಗೆರೆಯನ್ನು ಗೊತ್ತಿರುವ ಚಿನ್ನದ ಗೆರೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಮೂಲಪದಗಳ ಕೆಲಸವೂ ಇಷ್ಟೇ.

ಇಪ್ಪತ್ತೆರಡನೆಯದನ್ನೇ ಉಜ್ಜಿ ನೋಡೋಣ. ‘ಜೂಂ’ ಎಂದರೆ ಹೇನು. ಹಳಗನ್ನಡದಲ್ಲಿ ಅದು ಪೇನ್. ಪಾಲು ಹಾಲಾದ, ಪುಲಿ ಹುಲಿಯಾದ ದಾರಿಯಲ್ಲೇ ಪೇನ್ ಹೇನಾಯಿತು. ತಮಿಳು, ತುಳು, ಮಲಯಾಳಗಳಲ್ಲಿ ಇನ್ನೂ ಪೇನ್, ತೆಲುಗಿನಲ್ಲಿ ಪೇನು. ನೆರೆಹೊರೆ ಅಂದಮೇಲೆ ಸಹಜ. ಆದರೆ ಶಾಸ್ತ್ರಿಗಳ ಮನೆಯ ಕೆಳಗೆ ಹರಿಯುವ ಗಂಗೆಯ ಜೊತೆ ಪೂರ್ವಕ್ಕೆ ಹೋದರೆ, ಬಿಹಾರ ದಾಟಿ ಜಾರ್ಖಂಡಿನ ಸಾಹಿಬ್‌ಗಂಜ್ ಬಳಿ ಹೊಳೆ ರಾಜಮಹಲ ಬೆಟ್ಟಗಳನ್ನು ಬಳಸಿ ದಕ್ಷಿಣಕ್ಕೆ ತಿರುಗುತ್ತದೆ. ಆ ಬೆಟ್ಟಗಳಲ್ಲಿ ಪಹಾಡಿಯಾ ಜನ ಮಾಲ್ತೋ ಮಾತಾಡುತ್ತಾರೆ. ಅವರ ತಲೆಯ ಹೇನಿಗೂ ಪೇನು ಎಂದೇ ಹೆಸರು. ಅದರ ಅಕ್ಕನಂಥ ಕುಡುಖ್ ಭಾಷೆಯಲ್ಲಿ, ಅಂದರೆ ಛೋಟಾ ನಾಗಪುರದ ಒರಾಂವ್ ಜನರ ಮಾತಿನಲ್ಲಿ, ಪೇನ್. ಕಣ್ಣಿಗೆ ಕುಡುಖ್‌ನಲ್ಲಿ ಗಂಟಲಿನಿಂದ ಉಜ್ಜಿ ಬರುವ ‘ಖನ್’. ಬಾಯಿಗೆ ‘ಬಈ’. ಎರಡು, ಮೂರು, ನಾಲ್ಕು ಎಣಿಸಿದರೆ ‘ಏಂಡ್, ಮೂಂಡ್, ನಾಖ್’. ಅಲ್ಲಿಂದ ಮುಂದೆ ಸಂಖ್ಯೆಗಳೆಲ್ಲ ಸುತ್ತಲಿನ ಭಾಷೆಗಳಿಂದ ಬಂದವು.

ಕಾಶಿಗೆ ಬರುವ ಕನ್ನಡಿಗ ಗಂಗಾಜಲವನ್ನು ತಾಮ್ರದ ತಂಬಿಗೆಯಲ್ಲಿ ಮುಚ್ಚಿಸಿಕೊಂಡು ಹೋಗುತ್ತಾನೆ. ಅದೇ ನೀರಿನ ದಡದಲ್ಲಿ ತನ್ನ ಮಾತಿನ ದಾಯಾದಿಗಳಿದ್ದಾರೆ ಎನ್ನುವುದು ಅವನಿಗೆ ತಿಳಿಯುವುದಿಲ್ಲ. ಆ ಜನಕ್ಕೆ ಮಾತ್ರ ಒಂದು ನೆನಪಿತ್ತು. ನಮ್ಮ ಹಿರಿಯರು ಕರ್ನಾಟಕದ ಕಡೆಯಿಂದ ಹೊರಟು, ನರ್ಮದೆಯ ಗುಂಟ ಏರಿ, ಬಿಹಾರದ ಸೋನ್ ನದಿಯ ದಡಕ್ಕೆ ಬಂದರು ಎಂಬ ಅವರ ಐತಿಹ್ಯವನ್ನು ಭಾರತದ ಭಾಷಾ ಸಮೀಕ್ಷೆ 1906ರ ಸಂಪುಟದಲ್ಲಿ ದಾಖಲಿಸಿದೆ. ವಿದ್ವಾಂಸರೆಲ್ಲ ಇದನ್ನು ಒಪ್ಪಿಲ್ಲ. ನಡೆದು ಬಂದ ದಾರಿ ಯಾವುದೇ ಇರಲಿ, ಮಾತು ಒಂದೇ ಮನೆಯದು ಎಂಬುದಕ್ಕೆ ಹೇನೂ ಒಂದು ಸಾಕ್ಷಿ. ಸಾಮ್ರಾಜ್ಯಗಳು ಬಿದ್ದವು, ಕುಲದೇವರುಗಳು ಬದಲಾದವು, ಇದು ಮಾತ್ರ ತಲೆಯನ್ನೂ ನಾಲಗೆಯನ್ನೂ ಬಿಟ್ಟು ಕದಲಲಿಲ್ಲ.

ಗಪುನ್

ಈಗ ಪಟ್ಟಿ ಹೊರಟು ಬಂದ ಊರಿಗೆ ಹೋಗಿ ಬರೋಣ. ನ್ಯೂಗಿನಿ ದ್ವೀಪದ ಪೂರ್ವಾರ್ಧವೇ ಪಪುವಾ ನ್ಯೂಗಿನಿ. 1975ರ ಸೆಪ್ಟೆಂಬರ್ 16ರಂದು ಸ್ವತಂತ್ರವಾದ ಈ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ಇಷ್ಟು ಕಡಿಮೆ ಜನರಲ್ಲಿ ಇಷ್ಟು ಭಾಷೆಗಳು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಪಪುವನ್ ಭಾಷೆ ಎಂದ ಕೂಡಲೇ ದ್ರಾವಿಡದಂಥ ಒಂದು ಕುಟುಂಬ ಎಂದುಕೊಳ್ಳಬಾರದು. ಮಲಯ, ಫಿಜಿ, ಹವಾಯಿಗಳ ಭಾಷೆಗಳು ಸೇರುವ ಆಸ್ಟ್ರೋನೇಷ್ಯನ್ ಕುಟುಂಬಕ್ಕೆ ಸೇರದೆ ಆ ಸೀಮೆಯಲ್ಲಿ ಉಳಿದವಕ್ಕೆಲ್ಲ ಇಟ್ಟ ಒಟ್ಟು ಹೆಸರು ಅದು. ಒಳಗೆ ಹತ್ತಾರು ಕುಟುಂಬಗಳು, ನಂಟರೇ ಇಲ್ಲದ ಒಂಟಿ ಭಾಷೆಗಳು.

ಅಂಥ ಒಂಟಿಗಳಲ್ಲಿ ಒಂದು ತಾಯಪ್. ಸೆಪಿಕ್ ಮತ್ತು ರಾಮು ನದಿಗಳು ಕಡಲು ಸೇರುವ ಕೆಳಸೀಮೆಯ ನಡುವೆ, ಜೌಗು ಕಾಡಿನೊಳಗೆ ಗಪುನ್ ಎಂಬ ಹಳ್ಳಿ. ಜನ ಸುಮಾರು 200. ತಾಯಪ್ ಆ ಹಳ್ಳಿಯವರ ಮಾತು. 1980ರ ದಶಕದ ನಡುವಿನಲ್ಲಿ ಡಾನ್ ಕೂಲಿಕ್ ಎಂಬ ಮಾನವಶಾಸ್ತ್ರಜ್ಞ ಅಲ್ಲಿ ಬಿಡಾರ ಹೂಡಿದ. ಮೂವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಹೋದ. 2019ರಲ್ಲಿ ತಾಯಪ್‌ನ ವ್ಯಾಕರಣ ಮತ್ತು ನಿಘಂಟು ಹೊರಬರುವ ಹೊತ್ತಿಗೆ ಅದನ್ನು ಮಾತಾಡಬಲ್ಲವರು ನೂರಕ್ಕಿಂತ ಕಡಿಮೆ ಉಳಿದಿದ್ದರು.

ಯಾರೂ ಅದನ್ನು ನಿಷೇಧಿಸಿರಲಿಲ್ಲ. ಹಳ್ಳಿಗೆ ರಸ್ತೆಯೇ ಇರಲಿಲ್ಲ. ಗಂಡಸರು ದೂರದ ತೋಟಗಳಿಗೆ ಕೂಲಿಗೆ ಹೋಗಿ ಬರುವಾಗ ಟೋಕ್ ಪಿಸಿನ್ ಎಂಬ ಬೆರಕೆ ಭಾಷೆಯನ್ನು ತಂದರು. ಇಂಗ್ಲಿಷಿನ ಪದಗಳನ್ನು ದ್ವೀಪದ ನಾಲಗೆಗೆ ಒಗ್ಗಿಸಿಕೊಂಡ ಮಾತು ಅದು. ತಿಳಿವಳಿಕೆ, ಚರ್ಚು, ಹೊರಜಗತ್ತು ಎಲ್ಲ ಟೋಕ್ ಪಿಸಿನ್ ಪಾಲಿಗೆ. ಮೊಂಡುತನ, ಜಗಳ, ಹಳೆಯ ಕಾಲ ತಾಯಪ್ ಪಾಲಿಗೆ ಎಂಬ ಭಾವ ಮೆಲ್ಲಗೆ ಬೇರುಬಿಟ್ಟಿತು. ತಾಯಂದಿರು ಮಗುವಿಗೆ ಹೇಳಿದ್ದನ್ನೇ ಎರಡು ಭಾಷೆಯಲ್ಲಿ ಹೇಳುತ್ತಿದ್ದರು. ಮಗು ಕಿವಿಗೊಟ್ಟದ್ದು ಟೋಕ್ ಪಿಸಿನ್‌ಗೆ. ಕೊನೆಗೆ ‘ಮಕ್ಕಳೇ ಮಾತಾಡಲು ಒಲ್ಲೆ ಅಂತಾರೆ’ ಎಂದು ಅಪ್ಪ ಅಮ್ಮಂದಿರು ದೂರತೊಡಗಿದರು. ‘ಬಾ ಪುಟ್ಟಾ, ಕಮ್, ಸಿಟ್’ ಎನ್ನುವ ಬೆಂಗಳೂರಿನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೂಲಿಕ್ ಕೊಡುವ ಇನ್ನೊಂದು ವಿವರ ನನ್ನನ್ನು ಹಿಡಿದು ನಿಲ್ಲಿಸಿತು. ಮಗುವಿನ ಮೊದಲ ತೊದಲಿನಲ್ಲಿ ನಮ್ಮವರು ‘ಅಮ್ಮ’ ಎಂಬುದನ್ನು ಕೇಳಿಸಿಕೊಳ್ಳುತ್ತಾರೆ. ಗಪುನ್‌ನ ದೊಡ್ಡವರಿಗೆ ಕೇಳಿಸುತ್ತಿದ್ದದ್ದು ‘ಒಕಿ’. ಅಂದರೆ, ನಾನು ಇಲ್ಲಿಂದ ಹೊರಟೆ! ಮನುಷ್ಯ ಹುಟ್ಟುತ್ತಲೇ ತನ್ನಿಷ್ಟದವನು, ಯಾರ ಮಾತಿಗೂ ಬಗ್ಗದವನು ಎಂದು ನಂಬಿದ ಜನಕ್ಕೆ ಮಗುವಿನ ಮೊದಲ ಮಾತು ಹಾಗೆ ಕೇಳಿಸಿದರೆ ಸೋಜಿಗವೇನು? ನಾಲಗೆಯ ಮೊದಲ ಪದ ಯಾವುದು ಎನ್ನುವುದನ್ನು ಮಗುವಿಗಿಂತ ಮೊದಲು ಊರು ತೀರ್ಮಾನಿಸಿರುತ್ತದೆ. ಸ್ವದೇಶನ ನೂರು ಪದಗಳಲ್ಲಿ ಅಮ್ಮನೂ ಇಲ್ಲ, ಒಕಿಯೂ ಇಲ್ಲ.

ಎಣಿಕೆಯೂ ಹಾಗೆಯೇ. ಪಟ್ಟಿ ಕೇಳುವುದು ಒಂದು, ಎರಡು ಮಾತ್ರ. ಅದೇ ದೇಶದ ಒಕ್ಸಾಪ್‌ಮಿನ್ ಜನರ ಎಣಿಕೆ ಮೈಮೇಲೆ ನಡೆಯುತ್ತದೆ. ಒಂದು ಕೈಯ ಹೆಬ್ಬೆರಳಿನಲ್ಲಿ ಶುರುವಾಗಿ, ಕಿರುಬೆರಳಿಗೆ ಐದು, ಮಣಿಕಟ್ಟು, ಮೊಣಕೈ, ಭುಜ, ಕುತ್ತಿಗೆ, ಕಿವಿ, ಕಣ್ಣು ಹತ್ತಿ ಮೂಗಿಗೆ 14. ಮತ್ತೆ ಆಚೆ ಬದಿಗೆ ಇಳಿದು ಇನ್ನೊಂದು ಕಿರುಬೆರಳಿಗೆ 27. ಅಲ್ಲಿ ‘ಮೂಗು’ ಎಂಬ ಪದ ಮೂಗೂ ಹೌದು, ಹದಿನಾಲ್ಕೂ ಹೌದು. ಇದನ್ನು ಶಾಸ್ತ್ರಿಗಳಿಗೆ ಹೇಳಿದಾಗ ಅವರು ಬಲಗೈ ಚಾಚಿ ಹೆಬ್ಬೆರಳನ್ನು ಬೆರಳುಗಳ ಗೆರೆಗೆರೆಯ ಮೇಲೆ ಓಡಿಸಿ ತೋರಿಸಿದರು. “ನಾವು ಗಾಯತ್ರಿ ಎಣಿಸೋದೂ ಹೀಗೇ ಅಲ್ವೇ? ಅವರು ಮೂಗಿನವರೆಗೆ ಹೋದರು, ನಾವು ಅಂಗೈಯಲ್ಲೇ ನಿಂತೆವು.”

ಹಿತ್ತಾಳೆಯೂ ಹಳದಿಯೇ

ಒರೆಗಲ್ಲನ್ನು ನಂಬಿ ಮೋಸಹೋದವರೂ ಇದ್ದಾರೆ. ಕಾಶಿಯ ಉತ್ತರಕ್ಕೆ, ನೇಪಾಳದ ಬೆಟ್ಟಗಳಲ್ಲಿ ಕುಸುಂಡಾ ಎಂಬ ಬೇಟೆಗಾರ ಜನ ಇದ್ದರು. ಈಗ ಊರುಗಳಲ್ಲಿ ಚದುರಿದ್ದಾರೆ. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 273. ಭಾಷೆ ಬಲ್ಲವರು ಬೆರಳೆಣಿಕೆಯಷ್ಟು. ಅದನ್ನು ಬಲ್ಲ ಕೊನೆಯವರಲ್ಲಿ ಒಬ್ಬರಾದ ಜ್ಞಾನಿಮಾಯಿ ಸೇನ್ ಕುಸುಂಡಾ 2020ರ ಜನವರಿಯಲ್ಲಿ ತೀರಿಕೊಂಡರು. ಸುತ್ತಲಿನ ಟಿಬೆಟೊ-ಬರ್ಮನ್ ಭಾಷೆಗಳಿಗಾಗಲಿ ನೇಪಾಳಿಗಾಗಲಿ ಕುಸುಂಡಾ ನಂಟಲ್ಲ. ಹಾಗಾದರೆ ಯಾರ ನಂಟು?

2004ರಲ್ಲಿ ಕೆಲವು ವಿದ್ವಾಂಸರು ಎದೆಗಾರಿಕೆಯ ಉತ್ತರ ಕೊಟ್ಟರು: ಪಪುವನ್ ಭಾಷೆಗಳ ನಂಟು! ನ್ಯೂಗಿನಿಯ ಭಾಷೆಗಳು, ಅಂಡಮಾನಿನವು, ಟಾಸ್ಮೇನಿಯಾದವು ಒಂದೇ ಮೂಲದವು ಎಂದು ಜೋಸೆಫ್ ಗ್ರೀನ್‌ಬರ್ಗ್ 1971ರಲ್ಲಿ ವಾದಿಸಿದ್ದ. ಆ ಸಾಲಿಗೆ ಕುಸುಂಡಾವನ್ನೂ ಸೇರಿಸಿದರು. ಅವರ ಆಧಾರ ಸರ್ವನಾಮಗಳು ಮತ್ತು ಒಂದಿಷ್ಟು ಮೂಲಪದಗಳು. ಕುಸುಂಡಾದಲ್ಲಿ ನಾನು ಎಂದರೆ ‘ಚಿ’, ನೀನು ಎಂದರೆ ‘ನು’; ಇಂಥವೇ ಸದ್ದುಗಳು ಅತ್ತಲೂ ಇವೆ ಎಂಬುದು ವಾದ. ಹಿಮಾಲಯದ ಕಾಡಿನಿಂದ ಪೆಸಿಫಿಕ್‌ನ ದ್ವೀಪಕ್ಕೆ ಒಂದೇ ನೆಗೆತ. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಎರಡು ವರ್ಷಗಳ ನಂತರ ಡೇವಿಡ್ ವಾಟರ್ಸ್ ಅದರ ವ್ಯಾಕರಣ ಬರೆದಾಗ ಕುಸುಂಡಾ ಮತ್ತೆ ಒಂಟಿಯೇ ಆಯಿತು.

ಒಪ್ಪದಿರಲು ಕಾರಣ ನಮ್ಮ ನಾಲಗೆಯ ಮೇಲೆಯೇ ಇದೆ. ನ್ಯೂಗಿನಿಯ ಅತಿ ದೊಡ್ಡ ಕುಟುಂಬವಾದ ಟ್ರಾನ್ಸ್ ನ್ಯೂಗಿನಿಯ ಮೂಲರೂಪದಲ್ಲಿ ‘ನಾನು’ ಎಂಬುದಕ್ಕೆ ವಿದ್ವಾಂಸರು ಕಟ್ಟಿಕೊಟ್ಟಿರುವ ಪದ ‘ನ’. ಧಾರವಾಡದವರು ‘ನಾ ಬರ್ತೀನಿ’ ಅನ್ನುವುದು ಅಲ್ಲಿಂದ ಬಂತೇ? ಚೀನೀಯರು ನೀನು ಎನ್ನುವುದಕ್ಕೆ ‘ನಿ’ ಎನ್ನುತ್ತಾರೆ. ‘ನೀ ಯಾರು’ ಎನ್ನುವ ನಾವು ಚೀನದ ನಂಟರೇ? ಸರ್ವನಾಮಗಳು ತುಂಡು ಪದಗಳು. ಮನುಷ್ಯನ ಬಾಯಿಗೆ ಸುಲಭದ ಸದ್ದುಗಳು ಕೆಲವೇ. ಸಾವಿರಾರು ಭಾಷೆ ಹರಡಿಟ್ಟು ಹುಡುಕಿದರೆ ಎಲ್ಲೋ ಒಂದು ಹೋಲಿಕೆ ಸಿಕ್ಕೇ ಸಿಗುತ್ತದೆ. ಹಿತ್ತಾಳೆಯೂ ಹಳದಿಯೇ. ಒಂದು ಪದ ಹೋಲಿದರೆ ಸಾಲದು, ಪ ಇದ್ದಲ್ಲೆಲ್ಲ ಹ ಆದಂತೆ ನಿಯಮವೊಂದು ಸಾಲುಸಾಲಾಗಿ ಕಾಣಬೇಕು. ಹೇನು, ಹಾಲು, ಹುಲಿ, ಹಲ್ಲು ಒಟ್ಟಾಗಿ ಬಂದು ಸಾಕ್ಷಿ ನುಡಿಯಬೇಕು.

ದೂರದಲ್ಲಿ ನಂಟು ಹುಡುಕುವ ಈ ಆಸೆ ನಮಗೂ ಹೊಸತಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಯಾರಿಗೂ ಅರ್ಥವಾಗದ ಕೆಲವು ಸಾಲುಗಳಿವೆ. ಅವು ಕನ್ನಡವೇ ಎಂದು ಹುಲ್ಟ್ಸ್ ಎಂಬ ವಿದ್ವಾಂಸ 1904ರಲ್ಲಿ ಹೇಳಿದ ಮೇಲೆ ನಮ್ಮ ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈಗಳಂಥವರೂ ಆ ಸಾಲುಗಳ ಬೆನ್ನು ಹತ್ತಿದರು. ವಾದ ಇನ್ನೂ ಮುಗಿದಿಲ್ಲ.

ಕುಸುಂಡಾದ ತಿರುಗುಮುರುಗು ಕತೆ ನಿಹಾಲಿ ಭಾಷೆಯದು. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಜಳಗಾಂವ್ ಜಾಮೋದ್ ಸುತ್ತ, ಸಾತ್ಪುಡಾ ಬೆಟ್ಟದ ತಪ್ಪಲಲ್ಲಿ ಎರಡು ಮೂರು ಸಾವಿರ ಜನರ ಮಾತು. ಎರಡು, ಮೂರು, ನಾಲ್ಕಕ್ಕೆ ಅವರು ‘ಇರಾರ್, ಮೋಥೊ, ನಾಲೊ’ ಎನ್ನುವುದನ್ನು ಕೇಳಿದ ಕನ್ನಡಿಗ ‘ನಮ್ಮವರೇ!’ ಎಂದು ಎದ್ದುನಿಲ್ಲುತ್ತಾನೆ. ಡಚ್ ವಿದ್ವಾಂಸ ಕೈಪರ್ 1962ರಲ್ಲಿ ಕೂತು ಪದಪದ ಸೋಸಿದಾಗ ಗೊತ್ತಾದದ್ದು: ದೊಡ್ಡ ಪಾಲು ನೆರೆಯ ಕೊರ್ಕು ಭಾಷೆಯ ಸಾಲ, ಸ್ವಲ್ಪ ಮರಾಠಿ, ಸ್ವಲ್ಪ ದ್ರಾವಿಡ. ಎಲ್ಲ ಕೆರೆದ ಮೇಲೆ ತಳದಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಪದಗಳು ಯಾರ ಮನೆಯವೂ ಅಲ್ಲ. ಮೇಲೆ ನಮ್ಮ ಗಿಲೀಟು, ಒಳಗೆ ಹೆಸರೇ ಇಲ್ಲದ ಲೋಹ. ಎರಡು ಮೂರು ನಾಲ್ಕು ಕೂಡ ಸಂತೆಯಲ್ಲಿ ಕೈಬದಲಾಗುವ ಸರಕು ಎಂದಾದರೆ ಮೂಲಪದ ಎನ್ನುವ ಹೆಸರಿಗೆ ಏನರ್ಥ ಉಳಿಯಿತು?

ಅಣ್ಣನೋ ತಮ್ಮನೋ

ಪಟ್ಟಿಯ ಇನ್ನೊಂದು ತೊಡಕು ಅದು ಕೇಳುವ ರೀತಿಯಲ್ಲಿದೆ. ಜಾರ್ಜ್ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆ 1903ರಿಂದ 1928ರವರೆಗೆ ಹನ್ನೊಂದು ಸಂಪುಟಗಳಲ್ಲಿ ಹೊರಬಂತು. ಅದು ಪ್ರತಿ ಭಾಷೆಗೂ ಒಡ್ಡಿದ ಪದ ಮತ್ತು ವಾಕ್ಯಗಳ ಪಟ್ಟಿ 241ರದು. ಅದರಲ್ಲಿ ‘ಬ್ರದರ್’ ಎಂಬ ಪದವಿದೆ. ಕನ್ನಡದವನು ಇದಕ್ಕೆ ಉತ್ತರ ಹೇಳುವುದಿಲ್ಲ, ಮರುಪ್ರಶ್ನೆ ಕೇಳುತ್ತಾನೆ: ಅಣ್ಣನೋ ತಮ್ಮನೋ? ಕೈ ಎಂದರೆ ನಮಗೆ ಭುಜದಿಂದ ಬೆರಳಿನವರೆಗೂ ಕೈಯೇ. ಇಂಗ್ಲಿಷಿನವನು ಅದನ್ನು ಮಣಿಕಟ್ಟಿನಲ್ಲಿ ತುಂಡು ಮಾಡಿಕೊಂಡಿದ್ದಾನೆ. ಪಟ್ಟಿಯ ಮೂರನೆಯ ಪದ ‘ನಾವು’. ಶಾಸ್ತ್ರಿಗಳು ಥಟ್ಟನೆ ಹೇಳಿದರು. ತುಳುವರಾಗಿದ್ದರೆ ಒಂದು ಗಳಿಗೆ ತಡೆಯುತ್ತಿದ್ದರು. ಕೇಳುವ ನಿನ್ನನ್ನೂ ಸೇರಿಸಿಕೊಂಡು ಹೇಳುವುದಾದರೆ ‘ನಮ’, ನಿನ್ನನ್ನು ಬಿಟ್ಟು ಹೇಳುವುದಾದರೆ ‘ಎಂಕುಲು’. ತಮಿಳು, ತೆಲುಗಿನಲ್ಲೂ ಈ ಭೇದವಿದೆ, ಹೊಸಗನ್ನಡದಲ್ಲಿ ಉಳಿದಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ಟೋಕ್ ಪಿಸಿನ್ ಕೂಡ, ಇಂಗ್ಲಿಷಿನಲ್ಲಿ ಇಲ್ಲದಿದ್ದರೂ, ದ್ವೀಪದವರಿಗೆ ಬೇಕೆಂದು ಈ ಭೇದ ಮಾಡಿಕೊಂಡಿತು: ‘ಯುಮಿ’ ಎಂದರೆ ನೀನೂ ಸೇರಿ ನಾವು, ‘ಮಿಪೆಲಾ’ ಎಂದರೆ ನೀನು ಬಿಟ್ಟು ನಾವು. ಅಲ್ಲೇ ಹುಟ್ಟಿದ ಇನ್ನೊಂದು ಪದ ‘ವಾಂಟೋಕ್’. ಒಂದೇ ಮಾತಿನವನು, ಆದ್ದರಿಂದ ನಮ್ಮವನು. ಪರಊರಿನಲ್ಲಿ ಅವನಿಗೆ ಊಟ, ಹಾಸಿಗೆ ಕೊಡುವುದು ಕರ್ತವ್ಯ. ‘ಕನ್ನಡದವರಾ? ಬನ್ನಿ, ಮೊದಲು ಕಾಫಿ ಕುಡೀರಿ’ ಎಂದು ಸೋನಾರ್‌ಪುರದ ಗಲ್ಲಿಯಲ್ಲಿ ಶಾಸ್ತ್ರಿಗಳು ನನ್ನನ್ನು ಒಳಗೆ ಕರೆದದ್ದು ಇನ್ನೇನು?

ಗ್ರಿಯರ್ಸನ್‌ಗೆ ಪಟ್ಟಿಯ ಬಡತನ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸಮೀಕ್ಷೆಗಿಂತ ಮೊದಲೇ, 1885ರಲ್ಲಿ, ಬಿಹಾರದ ರೈತರ ಬದುಕಿನ ಬಗ್ಗೆ ಅವನೊಂದು ಪುಸ್ತಕ ತಂದಿದ್ದ. ಅದೂ ಒಂದು ಪದಪಟ್ಟಿಯೇ. ಆದರೆ ಅಲ್ಲಿ ನೇಗಿಲಿನ ಒಂದೊಂದು ಭಾಗ, ಗಾಡಿಯ ಒಂದೊಂದು ಕೀಲು, ಮಗ್ಗದ ಒಂದೊಂದು ಕಡ್ಡಿ, ಗಾಣ, ಒಲೆ, ಮಣ್ಣಿನ ಬಗೆ ಎಲ್ಲಕ್ಕೂ ಜಿಲ್ಲೆ ಜಿಲ್ಲೆಯ ಹೆಸರು. ಒಬ್ಬನೇ ಮನುಷ್ಯ ಎರಡು ಪಟ್ಟಿ ಮಾಡಿದ. ಒಂದು ಭಾಷೆ ಯಾರ ಮಗಳು ಎಂದು ಕೇಳುತ್ತದೆ, ಇನ್ನೊಂದು ಅವಳು ಹೇಗೆ ಸಂಸಾರ ಮಾಡುತ್ತಾಳೆ ಎಂದು ಕೇಳುತ್ತದೆ. ಲೋಕ ನೆನಪಿಟ್ಟುಕೊಂಡದ್ದು ಮೊದಲನೆಯದನ್ನು. ಉಡುಪಿಯಲ್ಲಿ ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯ ದಂಪತಿ ಆರು ಸಂಪುಟಗಳ ತುಳು ನಿಘಂಟನ್ನು 1997ರಲ್ಲಿ ಮುಗಿಸಿದಾಗ ಆದದ್ದು ಈ ಎರಡನೆಯ ಬಗೆಯ ಕೆಲಸ.

ಕೇಳದೆ ಉಳಿದ ಪದಗಳು

ಗ್ರಿಯರ್ಸನ್ ಸಮೀಕ್ಷೆ ಮದ್ರಾಸ್ ಪ್ರಾಂತ್ಯವನ್ನೂ ಮೈಸೂರು, ಹೈದರಾಬಾದ್ ಸಂಸ್ಥಾನಗಳನ್ನೂ ಬಿಟ್ಟಿತ್ತು. ಹಾಗಾಗಿ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದ ಕೊರಗರ ಮಾತನ್ನು ಆಗ ಯಾರೂ ಒರೆಗೆ ಹಚ್ಚಲಿಲ್ಲ. ಆ ಕೆಲಸ ಮಾಡಿದವರು ಡಿ.ಎನ್. ಶಂಕರ ಭಟ್. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದ ಅದೇ ಭಟ್ಟರು. ಅವರ ಕೊರಗ ಭಾಷೆಯ ಅಧ್ಯಯನವನ್ನು 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು. ಕೊರಗರಿಗೆ ತುಳುವಿನಿಂದ ಬೇರೆಯಾದ ಸ್ವಂತ ದ್ರಾವಿಡ ಭಾಷೆಯಿದೆ, ಅದರಲ್ಲಿ ಒಳಭೇದಗಳಿವೆ ಎಂದು ಅವರು ತೋರಿಸಿದರು. ಅದರ ಕೆಲವು ಲಕ್ಷಣಗಳು ಹತ್ತಿರದ ತುಳು, ಕನ್ನಡಕ್ಕಿಂತ ದೂರದ ಕುಡುಖ್, ಮಾಲ್ತೋಗಳನ್ನು ನೆನಪಿಸುತ್ತವೆ ಎಂಬುದನ್ನೂ ಗುರುತಿಸಿದರು. ಪಡುಗಡಲಿನ ಕಾಡಿನಂಚಿನ ಕೊಪ್ಪಕ್ಕೂ ಗಂಗೆ ತಿರುಗುವ ರಾಜಮಹಲಕ್ಕೂ ನೂಲಿನಂಥ ಒಂದು ಎಳೆ.

ಕೊರಗರು ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದು, ಇನ್ನೊಂದು ಜೇನುಕುರುಬ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಅವರ ನೆಲೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 15 ಸಾವಿರಕ್ಕೂ ಕಡಿಮೆ. ಹೊರಗಿನವರ ಜೊತೆ ತುಳು ಅಥವಾ ಕನ್ನಡ, ತಮ್ಮೊಳಗೆ ಮಾತ್ರ ಕೊರಗ. ಹೊರಗಿನವರನ್ನು ಬಿಟ್ಟು ಎಂಕುಲು ಎನ್ನುವುದಕ್ಕೆ ಕಾರಣವೂ ಇತ್ತು. ಉಗುಳು ನೆಲಕ್ಕೆ ಬೀಳಬಾರದೆಂದು ಅವರ ಕುತ್ತಿಗೆಗೆ ಅಂಡೆ ಕಟ್ಟಿಸಿದ ಸಮಾಜ ಇದು. ಮೇಲಿನವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ಅವರ ಕಾಯಿಲೆಗಳನ್ನು ಇವರ ಮೇಲೆ ಹಾಕುವ ಅಜಲು ಪದ್ಧತಿಯನ್ನು ಕಾನೂನು ತಂದು ನಿಷೇಧಿಸಲು 2000ನೇ ಇಸವಿ ಬರಬೇಕಾಯಿತು. ಅಂಥವರ ಅಂಗಳದಲ್ಲಿ ನಿಂತು ‘ಮೂಗಿಗೆ ನಿಮ್ಮಲ್ಲಿ ಏನಂತೀರಿ’ ಎಂದು ಕೇಳುವುದು ಸಣ್ಣ ಪ್ರಶ್ನೆಯೇನಲ್ಲ. ಬದುಕೆಲ್ಲ ಬೇರೆಯವರ ಕೈಯಲ್ಲಿದ್ದಾಗ ಬಚ್ಚಿಟ್ಟುಕೊಳ್ಳಲು ಉಳಿದಿದ್ದದ್ದು ಮಾತೊಂದೇ.

ಕರಾವಳಿಯ ಅಡುಗೆಮನೆಗಳಲ್ಲಿ ಕುಡುಪು, ತಡ್ಪೆ, ಕುರುವೆ ಎಂಬ ತುಳು ಹೆಸರುಗಳಿವೆ. ಅನ್ನ ಬಸಿಯುವುದಕ್ಕೆ, ಅಕ್ಕಿ ಕೇರುವುದಕ್ಕೆ, ತುಂಬಿಡುವುದಕ್ಕೆ ಇರುವ ಹೆಣಿಗೆಯ ಸಾಮಾನುಗಳವು. ಕಾಡಿನಿಂದ ಬಳ್ಳಿ ತಂದು ಬುಟ್ಟಿ ಹೆಣೆಯುವುದು ಕೊರಗರ ಕುಲಕಸುಬು. ಹೆಣಿಗೆ ಅವರದು, ಹೆಸರು ಕೊಂಡವರದು. ಯಾವ ಬಳ್ಳಿ ಯಾವ ತಿಂಗಳು ಬಾಗುತ್ತದೆ, ಯಾವುದು ಮುರಿಯುತ್ತದೆ, ಮೊದಲ ಸುತ್ತಿಗೆ ಏನು ಹೆಸರು, ಕಟ್ಟಿಗೆ ಏನು ಹೆಸರು, ಡೋಲಿನ ಪೆಟ್ಟುಗಳಿಗೆ ಏನು ಹೆಸರು ಎಂದು ಕೊರಗ ಭಾಷೆಯಲ್ಲಿ ಕೇಳಿದರೆ ಬರುವ ನೂರು ಪದ ಬೇರೆಯೇ. ಅದನ್ನು ಮಾಡಬೇಕಾದವರು ಆ ಮನೆಗಳ ಮಕ್ಕಳೇ. ಅವರ ಅಜ್ಜಿಯ ಹತ್ತಿರ ಅವರಿಗೆ ಎಂಕುಲು ಎನ್ನುವ ತಡೆ ಇರುವುದಿಲ್ಲ.

ಪಟ್ಟಿಯ ಆಚೆ

ಶಾಸ್ತ್ರಿಗಳ ಪಟ್ಟಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬೆಂಕಿ, ಹೊಗೆ, ಬೂದಿ, ಸುಡು, ಮೂಳೆ, ಸಾಯು ಇವನ್ನೆಲ್ಲ ಅವರು ಒಂದೇ ಉಸಿರಿಗೆ ಹೇಳಿದ್ದರು. ಹರಿಶ್ಚಂದ್ರ ಘಾಟ್‌ನ ಚಿತೆಗಳು ಎರಡು ಗಲ್ಲಿಯಾಚೆ ಉರಿಯುತ್ತಿದ್ದವು. ಸ್ವದೇಶ್ ಇಲ್ಲೇ ಕೂತು ಪಟ್ಟಿ ಬರೆದನೇನೋ ಅನ್ನಿಸಿತು. ಮೊಣಕಾಲಿಗೆ ‘ಘುಟ್ನಾ’ ಎಂದರು. ಬೀಜ, ಬೇರು ಬಂದವು, ತೊಗಟೆ ಬರಲಿಲ್ಲ. ಗರಿ ಬರಲಿಲ್ಲ. ಯಕೃತ್ತು ಎಂದದ್ದನ್ನು ನಾನು ಬರೆದುಕೊಳ್ಳಲಿಲ್ಲ, ಅದು ಸಂಸ್ಕೃತ. ಕನ್ನಡದಲ್ಲಿ ಏನು ಎಂದು ಅವರು ತಿರುಗಿ ಕೇಳಿದಾಗ ನನ್ನ ಬಾಯಿಗೂ ಲಿವರ್ ಬಿಟ್ಟು ಬೇರೆ ಬರಲಿಲ್ಲ. ನೂರಕ್ಕೆ ಅರವತ್ತರ ಆಸುಪಾಸು. ಸ್ವದೇಶನ ಲೆಕ್ಕದಲ್ಲಿ ಮೂರು ಸಾವಿರ ವರ್ಷಕ್ಕೂ ಮೀರಿದ ಸವೆತ. ಇಲ್ಲಿ ಮೂರೇ ತಲೆಮಾರು.

ಆಮೇಲೆ ಕಾಗದ ಮಡಿಚಿಟ್ಟು ಸುಮ್ಮನೆ ಮಾತಿಗೆ ಕೂತೆವು. ಊಟದ ಮಾತು ಬಂತು. ತಂಬುಳಿ, ಗೊಜ್ಜು, ಹುಳಿ, ಒಗ್ಗರಣೆ, ಒರಳು, ಒನಕೆ, ಮೊರ, ಮಡಿ, ಮುಸುರೆ, ಎಂಜಲು ಒಂದರ ಹಿಂದೊಂದು ಉರುಳಿ ಬಂದವು. ಒಳಗಿನಿಂದ ಸೊಸೆ ಹಿಂದಿಯಲ್ಲಿ ಏನೋ ಕೇಳಿದರು. ಅವರ ಹಿಂದಿಯ ನಡುವೆಯೂ ‘ಒಗ್ಗರಣೆ’ ಒಗ್ಗರಣೆಯಾಗಿಯೇ ಇತ್ತು. ಈ ಮನೆಯ ಮೂಲಪದಗಳು ಅಡುಗೆಮನೆಯಲ್ಲಿ ಉಳಿದುಕೊಂಡಿದ್ದವು. ನನ್ನ ಪಟ್ಟಿ ನಡುಮನೆಯಲ್ಲಿ ಕೂತು ಅವನ್ನು ಹುಡುಕಿತ್ತು.

ಹೊರಡುವಾಗ ಬಾಗಿಲವರೆಗೆ ಬಂದರು. ಮತ್ತೆ ತಲೆಯ ಮೇಲೆ ಕೈ.

“ಅದು ಬರಲೇ ಇಲ್ಲ ನೋಡಿ. ಆದರೆ ಅಮ್ಮ ಏನಂತಿದ್ದಳು ಅನ್ನೋದು ನೆನಪಾಯ್ತು. ಭಾನುವಾರ ಬಿಸಿಲಿಗೆ ಚಾವಣಿ ಮೇಲೆ ಬಾಚಣಿಗೆ ಹಿಡಕೊಂಡು ಕೂತಿರೋಳು. ‘ಬಾರೋ, ತಲೆ ನೋಡ್ತೀನಿ, ಕೂತ್ಕೋ’ ಅನ್ನೋಳು. ಅಷ್ಟೇ. ಅದರ ಹೆಸರು ಅವಳೂ ಹೇಳ್ತಿರಲಿಲ್ಲ ಅನ್ಸುತ್ತೆ.”

ಗಲ್ಲಿಯ ತಿರುವಿನಲ್ಲಿ ನಿಂತು ಕಾಗದ ತೆಗೆದೆ. ಇಪ್ಪತ್ತೆರಡನೆಯ ಸಾಲು ಖಾಲಿ ಇತ್ತು. ಅಲ್ಲಿ ಬರೆದುಕೊಂಡೆ: ಬಾರೋ, ತಲೆ ನೋಡ್ತೀನಿ, ಕೂತ್ಕೋ.